ಗೆರೆಯ ಮೇಲೆ ಒಂದು ಗೇಣು

ಭೂಮಿಯ ಸೆಳೆತ ದಿನಕ್ಕೊಂದು ಥರ ಆಗತೊಡಗಿದ ಮೇಲೆ ಊರಿನ ಮುಂಜಾವು ಯಮನವ್ವನ ಬಾಣದಿಂದಲೇ ಶುರುವಾಗುತ್ತಿತ್ತು. ಮೂವತ್ತು ಹೆಜ್ಜೆ ದೂರದ ಮಣ್ಣಿನ ಗೋಡೆಗೆ ಅವಳು ಬಿಟ್ಟ ಬಾಣ ಕೆಂಪು ಗೆರೆಗೆ ನಾಟಿದರೆ ಬಿಳಿ ಬಾವುಟ ಏರುತ್ತಿತ್ತು. ಸೆಳೆತ ಕಡಿಮೆಯಾಗಿ ಗೆರೆಗಿಂತ ಮೇಲೆ ನಾಟಿದರೆ ಕಪ್ಪು ಬಾವುಟ. ಅಂದು ಸೊಂಟಕ್ಕೆ ಕಲ್ಲಿನ ಚೀಲ ಕಟ್ಟಿಕೊಳ್ಳದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ.

ಇವತ್ತು ಬಾಣ ಗೆರೆಗಿಂತ ಒಂದು ಗೇಣು ಮೇಲೆ ನಾಟಿತು. ಯಮನವ್ವ ಮೊದಲು ಬಿಲ್ಲನ್ನೇ ಅನುಮಾನಿಸಿದಳು. ಬಿಲ್ಲು ತಿರುಗಿಸಿ ನೋಡಿದರೆ, ಹೆದೆಗೆ ಬಾಣ ಕೂರಿಸುವ ಜಾಗದ ದಾರದ ಗಂಟು ಕೆಳಗೆ ಜಾರಿತ್ತು. ಬಾಣ ಮೇಲೇರಿದ್ದು ಅದರಿಂದಲೇ ಎಂದುಕೊಂಡಳು; ಹೋದ ಜೀವ ಬಂದಂತಾಯಿತು. ಬಿಲ್ಲು ಸರಿಮಾಡಿ ಎರಡನೇ ಬಾಣ ಬಿಡದೆ ಬಾವುಟ ಏರಿಸಬಾರದೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೊಡ ಹಿಡಿದ ಹೆಂಗಸರು ಬಾಗಿಲಲ್ಲೇ ಕಾಯುತ್ತಿದ್ದರು. ಬಿಳಿ ಬಾವುಟ ಏರಿಸಿಯೇಬಿಟ್ಟಳು.

ಆಮೇಲೆ ಗಂಟು ಮೇಲಕ್ಕೆ ಸರಿಸಿ, ಹೆದೆಗೆ ಮೇಣ ತಿಕ್ಕಿ, ಇನ್ನೊಂದು ಬಾಣ ಬಿಟ್ಟಳು.

ಗಂಟು ಸರಿಯಿದ್ದರೂ ಅದು ಗೆರೆಗಿಂತ ಎರಡು ಗೇಣು ಮೇಲೆ ನಾಟಿತು; ಸೆಳೆತ ಇನ್ನೂ ಇಳಿಯುತ್ತಲೇ ಇತ್ತು.

ಅವಳ ಕೈಯಿಂದ ಬಿಲ್ಲು ಜಾರಿತು. ನೆಲ ಮುಟ್ಟಲು ಅದು ಬಹಳ ಹೊತ್ತು ತೆಗೆದುಕೊಂಡಿತು.

"ನಿಂಗೀ!" ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮಗಳನ್ನು ಕೂಗಿದಳು. "ಚೀಲ ಕಟ್ಟಿಕೊಂಡೀಯೇನ?"

"ಬಿಳಿ ಬಾವುಟ ನೀನ ಏರಿಸೀಯಲ್ಲಬೇ," ಮಗಳು ನಕ್ಕಳು. "ಚೀಲ ಕೆಳಗ ಬಿಟ್ಟು ಬಂದೀನಿ. ಇಲ್ನೋಡಬೇ, ಹಸಿ ಸೀರಿ ಜೋತು ಬೀಳವಲ್ದು, ಮ್ಯಾಲಕ್ಕ ಎದ್ದು ನಿಂತೈತಿ!"

"ಹಗ್ಗ ಹಿಡಕೋ! ಗಟ್ಟಿಯಾಗಿ ಹಿಡಕೋ!" ಯಮನವ್ವ ಚೀರುತ್ತ ಮೆಟ್ಟಿಲಿನತ್ತ ಓಡಿದಳು.

"ಯವ್ವಾ..." ಎಂಬ ಉತ್ತರ ಬಂದದ್ದು ಮಾಳಿಗೆಗಿಂತ ಎತ್ತರದಿಂದ.