ಅಜ್ಜಂಪುರದಲ್ಲಿ ಇಳಿಸಿದ ಮಗು

ಕಂಬಳಿಯೊಳಗಿಂದ ಮಗು ಕಿರುಚಿತು.

ರೈಲು ಬೀರೂರು ಬಿಟ್ಟು ಇನ್ನೂ ಊರಂಚು ದಾಟಿರಲಿಲ್ಲ. ತೀರ್ಥಮ್ಮ ಥಟ್ಟನೆ ತಿರುಗಿದಳು. ಬಾಗಿಲ ಬಳಿ ಕೂತಿದ್ದ ಎತ್ತರದ ಆಳು ಕಂಬಳಿ ಸರಿಸಿದ. ಒಳಗೆ ಎರಡು ವರ್ಷದ ಹೆಣ್ಣುಮಗು. ಓಡಿಹೋಗುವ ಕರುವನ್ನು ಹಿಡಿದ ಹಾಗೆ ಅವುಚಿ ಹಿಡಿದಿದ್ದ. ಅವನ ಮುಖ ಕಂಡಷ್ಟೂ ಅದರ ಅಳು ಜಾಸ್ತಿಯಾಗುತ್ತಿತ್ತು.

ಕಾಲ ಕೆಟ್ಟಿತ್ತು. ತರೀಕೆರೆ ಸಂತೆಯಲ್ಲಿ ಮಗುವೊಂದು ಕಾಣೆಯಾಯಿತೆಂಬ ಸುದ್ದಿ ಊರೂರು ಸುತ್ತುತ್ತಿತ್ತು. ಹೊಸ ಸೇತುವೆಯ ಬುಡಕ್ಕೆ ಮಕ್ಕಳನ್ನು ಬಲಿ ಹಾಕುತ್ತಾರಂತೆ ಎಂದು ಅದಕ್ಕೊಂದು ಬಾಲ ಬೇರೆ. ತೀರ್ಥಮ್ಮ ಮೊಮ್ಮಗನ ಉಡುದಾರಕ್ಕೆ ತನ್ನ ಸೆರಗಿನ ತುದಿಯನ್ನು ಗಂಟು ಹಾಕಿಕೊಂಡೇ ರೈಲು ಹತ್ತಿದ್ದಳು. ನಗುವವರು ನಗಲಿ, ಅವಳಿಗೇನು?

"ಪಾಪ, ಉಸಿರು ಕಟ್ಟುತ್ತೆ ಕಣಪ್ಪ," ಎಂದಳು ತೀರ್ಥಮ್ಮನ ಪಕ್ಕದಲ್ಲಿದ್ದ ಹಸಿರು ಸೀರೆಯ ಹೆಂಗಸು. ಬೊಗಸೆಯಲ್ಲಿ ಕಡಲೆಪುರಿ ಹಿಡಿದು, "ಬಾ ಪುಟ್ಟೀ," ಎಂದು ಕರೆದಳು.

ಅಳು ನಿಂತಿತು. ಮಗು ಎರಡೂ ಕೈ ಚಾಚಿ ಅವಳ ತೊಡೆಯೇರಿತು.

"ಕೊಡವ್ವ ಇಲ್ಲಿ," ಎಂದ ಆ ಆಳು.

"ಇರಪ್ಪ, ತಿಂದ್ಕಳ್ಳಲಿ." ಹೆಂಗಸು ತೀರ್ಥಮ್ಮನ ಕಿವಿಗೆ ಬಾಗಿದಳು. "ಅಕ್ಕಾ, ಹುಟ್ಟಿಸಿದೋನ ಕೈಲಿ ಮಗು ಹಿಂಗೆ ಅಳುತ್ತಾ?"

ಅಷ್ಟು ಸಾಕಾಯಿತು. ತೀರ್ಥಮ್ಮ ಸೆರಗು ಬಿಗಿದು ಕೂತಳು.

"ಏನಪ್ಪಾ, ಯಾವೂರು? ಮಗು ಯಾರದು?"

"ಎಮ್ಮೆದೊಡ್ಡಿ ಕಡೆಯೋನು. ದೊಡ್ಡಬೀರಪ್ಪ ಅಂತ. ಹುಲ್ಲುಕಾವಲಲ್ಲಿ ಸರ್ಕಾರದ ದನ ಕಾಯ್ತೀನಿ. ಮಗು ನಂದೇ."

"ಹೆಸರೇನು ಮಗೀಂದು?"

"ಕೆಂಚಮ್ಮ."

"ಕೆಂಚಮ್ಮಾ!" ಎಂದು ತೀರ್ಥಮ್ಮ ಕೂಗಿದಳು. ಮಗು ಕಡಲೆಪುರಿಯಿಂದ ತಲೆಯೆತ್ತಲಿಲ್ಲ.

ಹಾಲು ಬಿಡಿಸಿದ್ದು ಯಾವಾಗ? ಅವನಿಗೆ ಗೊತ್ತಿಲ್ಲ. ಹೆಜ್ಜೆ ಇಟ್ಟದ್ದು ಯಾವಾಗ? ಅದೂ ಗೊತ್ತಿಲ್ಲ. ಊಟಕ್ಕೇನು ಕೊಡುತ್ತೀರಿ? ತಲೆ ಕೆರೆದುಕೊಂಡ.

"ಅದೆಲ್ಲಾ ಮನೇಲಿ ಹೆಂಗಸ್ರು ನೋಡ್ಕತ್ತಾರೆ..."

"ಹೆತ್ತವಳೆಲ್ಲಿ?"

"ಶಿವನೀಲಿ, ತೌರುಮನೇಲಿ. ಹೋದೋಳಿಗೆ ಜ್ವರ ಹಿಡ್ಕಂತು. ಮಗೀಗೂ ತಗುಲೀತು ಅಂತ ನಮ್ಮನೇಲೇ ಇಟ್ಕಂಡಿದ್ವಿ. ಈಗ ವಾಸಿ ಆಗೈತೆ, ನೋಡ್ಬೇಕು ಅಂತ ಹೇಳಿ ಕಳ್ಸವ್ಳೆ."

"ಅವ್ವ ಶಿವನೀಲಿ, ಮಗು ಎಮ್ಮೆದೊಡ್ಡೀಲಿ! ಚೆನ್ನಾಗೈತೆ ಕಣಯ್ಯ ನಿನ್ನ ಕಥೆ," ಎನ್ನುತ್ತ ಎದುರು ಬೆಂಚಿನಿಂದ ಪಂಚಾಕ್ಷರಪ್ಪನವರು ಎದ್ದರು. ತಮ್ಮ ಹಳ್ಳಿಗೆ ಅವರು ಪಟೇಲರು. ರೈಲು ಹತ್ತುವಾಗ ಪಟೇಲಿಕೆಯನ್ನೇನೂ ಊರಲ್ಲಿ ಬಿಟ್ಟು ಬಂದಿರಲಿಲ್ಲ.

"ಅಜ್ಜಂಪುರ ಆದ್ಮೇಲೆ ಶಿವನೀನೇ ಅಲ್ವ ಸ್ವಾಮಿ? ಅಲ್ಲೀಗಂಟ ಬನ್ನಿ. ಸ್ಟೇಷನ್ನಲ್ಲೇ ನಿಂತಿರ್ತಾಳೆ, ನೀವೇ ಕೇಳೋರಂತೆ."

ಪಟೇಲರು ಒಂದು ಗಳಿಗೆ ತಡೆದರು. ಅವನ ಮಾತು ನಿಜವಿದ್ದರೂ ಇರಬಹುದೆಂದು ತೀರ್ಥಮ್ಮನಿಗೂ ಅನ್ನಿಸಿತು.

"ಅಲ್ಲಿ ಇವನ ಕಡೆಯೋರು ನಾಲ್ಕೈದು ಜನ ನಿಂತಿದ್ರೆ ಏನ್ಮಾಡ್ತೀಯಣ್ಣ?" ಎಂದಳು ಹಸಿರು ಸೀರೆಯವಳು, ಮೆಲ್ಲಗೆ.

"ಕೊಡವ್ವ ನನ್ನ ಮಗೀನ!" ದೊಡ್ಡಬೀರಪ್ಪ ನುಗ್ಗಿ ಬಂದ. ಮಗು ಚೀರಿ ಹೆಂಗಸಿನ ಕುತ್ತಿಗೆಗೆ ಜೋತುಬಿತ್ತು. ಇನ್ನು ಯಾರಿಗೆ ಯಾವ ಸಾಕ್ಷಿ ಬೇಕು?

ಅಜ್ಜಂಪುರದಲ್ಲಿ ಜನ ಅವನನ್ನು ಕೆಳಗೆಳೆದರು. ಕೈಗೆ ಸಿಕ್ಕವರೆಲ್ಲ ಎರಡೆರಡು ಬಿಟ್ಟರು. ಪೋಲೀಸಿನವನಿಗೆ ಒಪ್ಪಿಸುವಾಗಲೂ, "ಒಂದು ಸ್ಟೇಷನ್ನು ಸ್ವಾಮಿ, ಒಂದೇ ಸ್ಟೇಷನ್ನು," ಎಂದು ಬಡಕೊಳ್ಳುತ್ತಿದ್ದ. ಅಷ್ಟೆತ್ತರದ ಗಂಡಸು ಅಳುವುದನ್ನು ಕಂಡು ತೀರ್ಥಮ್ಮನ ಕರುಳು ಚುರ್ ಎಂದಿತು. ಕಳ್ಳರು ಆಡದ ನಾಟಕವೇ ಎಂದು ಮನಸ್ಸು ಗಟ್ಟಿಮಾಡಿಕೊಂಡಳು.

ಪಕ್ಕದ ಹಳಿಯಲ್ಲಿ ಬೀರೂರಿಗೆ ಹೋಗುವ ರೈಲು ಹೊರಡಲು ಕಾದಿತ್ತು. ಮಗುವನ್ನು ಹತ್ತಿಸಿದ್ದು ಬೀರೂರಲ್ಲಿ, ಹೆತ್ತವಳು ಅಲ್ಲೇ ಎಲ್ಲೋ ಎದೆ ಬಡಿದುಕೊಳ್ಳುತ್ತಿರಬೇಕು, ಅಲ್ಲಿನ ಠಾಣೆಗೇ ಮುಟ್ಟಿಸತಕ್ಕದ್ದು ಎಂದು ಪಟೇಲರು ತೀರ್ಪು ಕೊಟ್ಟರು. ಸರಿ, ಹೋಗುವವರು ಯಾರು? ಪಟೇಲರಿಗೆ ಕೆಲಸವಿತ್ತು. ಎಲ್ಲರಿಗೂ ಕೆಲಸವಿತ್ತು.

"ನಾನೇ ಹೋಗ್ತೀನಿ ಬಿಡಣ್ಣ. ನನ್ನ ಬಿಟ್ಟು ಇದು ಯಾರ ಹತ್ರ ಇರುತ್ತೆ?" ಎಂದಳು ಹೆಂಗಸು. "ಬತ್ತೀನಿ ಅಕ್ಕಾ," ಎಂದು ತೀರ್ಥಮ್ಮನ ಕೈ ಅದುಮಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಆ ರೈಲು ಹತ್ತಿದಳು. ತೀರ್ಥಮ್ಮನ ಕಣ್ಣು ತುಂಬಿತು. ಇಂಥವರೂ ಇದ್ದಾರಲ್ಲ!

ಎರಡು ರೈಲೂ ಎರಡು ದಿಕ್ಕಿಗೆ ಹೊರಟವು. ಡಬ್ಬಿಯ ತುಂಬ ಅದೇ ಮಾತು. ಅವನ ಕಣ್ಣು ನೋಡಿಯೇ ಗೊತ್ತಾಯಿತು ಎಂದು ಒಬ್ಬ, ಕಂಬಳಿ ನೋಡಿಯೇ ಎಂದು ಇನ್ನೊಬ್ಬ. ತೀರ್ಥಮ್ಮನಿಗೆ ಮಾತ್ರ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಮೊಮ್ಮಗನ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು.

ಶಿವನಿಯಲ್ಲಿ ರೈಲು ಇನ್ನೂ ಪೂರ್ತಿ ನಿಂತಿರಲಿಲ್ಲ. ಬಡಕಲು ಹೆಣ್ಣೊಬ್ಬಳು "ಪುಟ್ಟೀ! ಪುಟ್ಟೀ!" ಎನ್ನುತ್ತ ಒಂದೊಂದೇ ಕಿಟಕಿಯಲ್ಲಿ ಇಣುಕುತ್ತ ಓಡಿಬಂದಳು. ತೀರ್ಥಮ್ಮನ ಕಿಟಕಿಯ ಸರಳು ಹಿಡಿದು ಏದುಸಿರು ಬಿಟ್ಟಳು.

"ಅಕ್ಕಾ, ನಮ್ಮನೆಯವ್ರು ಈ ಡಬ್ಬೀಲಿದ್ರಾ? ಉದ್ದಕ್ಕವ್ರೆ, ಕಂಬಳಿ ಹೊದ್ದಿರ್ತಾರೆ. ಮಗಳನ್ನ ಕರ್ಕಂಡು ಬರ್ಬೇಕಿತ್ತು. ಅವ್ರಿಗೆ ಮಗೀನ ಎತ್ಕಂಡು ರೂಢಿ ಇಲ್ಲ ಕಣಕ್ಕ. ಕಾವಲಿಂದ ಬರೋದೇ ಅಪರೂಪ. ಬಂದ್ರೂ ಅತ್ತೆ ಮಾವನ ಮುಂದೆ ಮುಟ್ಟೋಕೆ ನಾಚ್ಕೆ. ದಾರೀಲಿ ಬಾಳ ಅತ್ತುಬಿಡ್ತೇನೋ..."

ಪಟೇಲರ ಮುಖ ಬೆವರಿತ್ತು. ಆದರೂ ಧೈರ್ಯ ತಂದುಕೊಂಡು ಮುಂದೆ ಬಾಗಿದರು.

"ಒಂದು ತಪ್ಪು ಆಗೋಯ್ತು ತಾಯಿ. ನಿನ್ನ ಗಂಡ ಅಜ್ಜಂಪುರದಲ್ಲವನೆ, ಬಿಡಿಸ್ಕಂಡು ಬರೋಣ. ಮಗೀಗೇನೂ ಭಯ ಇಲ್ಲ. ಇಗೋ, ಈ ಅಮ್ಮನ ತಂಗೀನೇ ಎತ್ಕಂಡು ಹೋಗವ್ಳೆ."

ತೀರ್ಥಮ್ಮ ಪಟೇಲರ ಕಡೆ ತಿರುಗಿದಳು.

"ನನ್ನ ತಂಗೀನಾ? ಅವಳು ನಿಮ್ಮ ತಂಗಿ ಅಲ್ವಾ ಪಟೇಲ್ರೇ?"