ಅತ್ತೆಯ ಚಪಾತಿ

ಮದುವೆಯಾದ ಮೇಲೆ ಅಳಿಯ ಮೊದಲ ಸಲ ಮಾವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ತನ್ನ ಕಾಯಿಲೆಯನ್ನು ಹೆಂಡತಿಗೆ ಹೇಳಿದ್ದ. ಅತ್ತೆ-ಮಾವಂದಿರಿಗೆ ಹೇಳಲು ಬಾಯಿ ಬಂದಿರಲಿಲ್ಲ. ಅತ್ತೆ ಅನ್ನಪೂರ್ಣೆಯನ್ನು ನೆನೆದು ಬಡಿಸಿದ ಚಪಾತಿ ಮಾವನ ತಟ್ಟೆಗೆ ಬಿದ್ದು ಠಣ್ಣೆಂದಿತು. ಅಳಿಯ ತನ್ನ ತಟ್ಟೆಗೆ ಕೈ ಅಡ್ಡ ಹಿಡಿದ.

"ಬೇಡಿ ಅತ್ತೆ, ನನಗೆ ಸೀಲಿಯಾಕ್ ಅಂತ ಕಾಯಿಲೆ. ಗೋಧಿ ಚೂರು ಒಳಗೆ ಹೋದ್ರೂ ಕರುಳು ಕೆಡುತ್ತೆ. ಜನ್ಮಪೂರ್ತಿ ತಿನ್ನೋ ಹಾಗಿಲ್ಲ."

"ಅಯ್ಯೋ ಶಿವನೇ! ಮೊದ್ಲೇ ಹೇಳಬಾರದಾ ಅಳಿಯಂದ್ರೇ?" ಎಂದು ಅತ್ತೆ ಒಳಗೆ ಓಡಿ, ಬೇರೆ ಕಾವಲಿ ಇಟ್ಟು, ಮೆತ್ತನೆಯ ಅಕ್ಕಿ ರೊಟ್ಟಿ ತಟ್ಟಿ ತಂದರು. ಮೇಲೆ ಬೆಣ್ಣೆ ಕರಗುತ್ತಿತ್ತು.

ಮಾವ ಮಾತ್ರ ತುತ್ತು ಎತ್ತದೆ ಅಳಿಯನ ತಟ್ಟೆಯನ್ನೇ ನೋಡುತ್ತಿದ್ದರು. ರೋಗಿಷ್ಠನಿಗೆ ಮಗಳನ್ನು ಕೊಟ್ಟೆನಲ್ಲಾ ಎಂದು ಕೊರಗುತ್ತಿದ್ದಾರೇನೋ ಎಂದು ಅಳಿಯ ಅಳುಕಿದ.

ಅತ್ತೆ ಒಳಗೆ ಹೋಗುವುದನ್ನೇ ಕಾದು ಮಾವ ಪಿಸುಗುಟ್ಟಿದರು. "ಅಳಿಯಂದ್ರೇ, ಇದು ಅಂಟುಜಾಡ್ಯವಾ?"

"ದೇವರಾಣೆಗೂ ಅಲ್ಲ ಮಾವ! ಒಂದೇ ತಟ್ಟೇಲಿ ಉಂಡ್ರೂ ಅಂಟಲ್ಲ."

ಮಾವನ ಮುಖ ಬಾಡಿತು. "ಏನು ಮಾಡಿದ್ರೂ ಅಂಟಲ್ವಾ?" ಎನ್ನುತ್ತ ಚಪಾತಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯತೊಡಗಿದರು.