ಹನ್ನೆರಡು ಮೊಟ್ಟೆ, ಒಂದು ಕಿರೀಟ

ಹನ್ನೆರಡು ಬಣ್ಣದ ಮೊಟ್ಟೆಗಳನ್ನು ಬಂಗಲೆಯ ಸುತ್ತಮುತ್ತ ಬಚ್ಚಿಟ್ಟು ಬಂದು ಎಡಿತ್ ಮೆಟ್ಟಿಲ ಮೇಲೆ ಕೂತು ಎರಡು ಗಂಟೆಯಾಗಿತ್ತು. ಹುಡುಕಲು ಒಂದು ನರಪಿಳ್ಳೆಯೂ ಬರಲಿಲ್ಲ. ಹೆಚ್ಚು ಮೊಟ್ಟೆ ಸಿಕ್ಕಿದವರಿಗೆ ಕೊಡಲೆಂದು ತಾನೇ ಕತ್ತರಿಸಿ ಅಂಟಿಸಿದ್ದ ಕೆಂಪು ಕಾಗದದ ಕಿರೀಟ ಅವಳ ತೊಡೆಯ ಮೇಲಿತ್ತು. ಬಾಗಿಲಲ್ಲಿ ನಿಂತಿದ್ದ ಆಯಾ ಜವರಿ ಒಮ್ಮೆ ಅದನ್ನು, ಒಮ್ಮೆ ಖಾಲಿ ದಾರಿಯನ್ನು ನೋಡುತ್ತಿದ್ದಳು.

ಹೋದ ವರ್ಷದ ತನಕ ಈಸ್ಟರ್ ಹಬ್ಬಕ್ಕೆ ಸುತ್ತಲಿನ ಎಸ್ಟೇಟುಗಳ ದೊರೆಮಕ್ಕಳೆಲ್ಲ ಇಲ್ಲಿಯೇ ಸೇರುತ್ತಿದ್ದರು. ಎಡಿತ್‌ಳ ತಾಯಿ ದೊರೆಸಾನಿಯವರು ಕಡಲಾಚೆಯ ಸೀಮೆಯಿಂದ ತರಿಸಿದ ಬಣ್ಣ ಕಲಸಿ, ಮಕ್ಕಳನ್ನು ಸಾಲಾಗಿ ಕೂರಿಸಿ ಮೊಟ್ಟೆಗೆ ಹಚ್ಚಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬಂದ ಜ್ವರ ದೊರೆಸಾನಿಯವರನ್ನು ಕೊಂಡುಹೋಯಿತು. ಅದೇ ವಾರ ಕೆಳಗೆ ಕೂಲಿಯವರ ಮನೆಸಾಲಾದ ಲೈನಿನಲ್ಲಿ ಜವರಿಯ ಮಗಳನ್ನೂ ಮೊಮ್ಮಗನನ್ನೂ ಕೊಂಡುಹೋಯಿತು. ಆ ಜ್ವರಕ್ಕೆ ಬಂಗಲೆ, ಲೈನು ಎಂಬ ಭೇದವಿರಲಿಲ್ಲ. ನೆರೆಯ ದೊರೆಗಳು ಹೆದರಿ ಮಕ್ಕಳನ್ನು ಸೀಮೆಗೆ ಕಳಿಸಿಬಿಟ್ಟರು. ನಾಳೆ ಏಳು ವರ್ಷದ ಎಡಿತ್‌ಳ ಸರದಿ. ಹೋಗುವ ಮುಂಚೆ ಅಮ್ಮ ಮಾಡುತ್ತಿದ್ದ ಹಾಗೇ ಒಂದು ಸಲ ಆಗಬೇಕು, ಬಿಳಿ ಮಕ್ಕಳಿಲ್ಲದಿದ್ದರೆ ಲೈನಿನ ಮಕ್ಕಳನ್ನೇ ಕರೆ ಎಂದು ಅವಳು ಹಟ ಹಿಡಿದಿದ್ದಳು. ಜವರಿ ಹೋಗಿ ಕರೆದು ಬಂದಿದ್ದಳು.

ಸೀಮೆಯ ಬಣ್ಣದ ಪೊಟ್ಟಣಗಳು ದೊರೆಸಾನಿಯವರೊಂದಿಗೇ ಮುಗಿದಿದ್ದವು. ಹಿಂದಿನ ದಿನ ಜವರಿ ಅರಿಶಿನ ಕದಡಿ ಹಳದಿ ಮಾಡಿದಳು, ಅದಕ್ಕೆ ಲೈನಿನಿಂದ ತಂದ ಸುಣ್ಣ ಬೆರೆಸಿ ಕೆಂಪು ಮಾಡಿದಳು. ನೀರು ಕಣ್ಣೆದುರೇ ಕೆಂಪಾದದ್ದನ್ನು ಕಂಡು ಎಡಿತ್ ಚಪ್ಪಾಳೆ ತಟ್ಟಿ ನಕ್ಕಳು. ಮೊದಲ ಮೊಟ್ಟೆಯನ್ನು ಎತ್ತಿದಾಗ ಜವರಿಯ ಕೈ ಅಲ್ಲೇ ನಿಂತಿತು. ಮಾಟ ಮಾಡಿಸುವವರು ಮೂರು ದಾರಿ ಕೂಡುವಲ್ಲಿ ಇಡುವುದೂ ಇಂಥದ್ದೇ ಅರಿಶಿನ ಸುಣ್ಣ ಬಳಿದ ಮೊಟ್ಟೆಯನ್ನು. ಆದರೆ ತಾಯಿ ಹೋದಮೇಲೆ ಮಗು ನಕ್ಕಿದ್ದು ಅದೇ ಮೊದಲು. ಜವರಿ ಉಳಿದ ಹನ್ನೊಂದನ್ನೂ ಅದ್ದಿದಳು.

ಈಗ ತಡೆಯಲಾರದೆ ಲೈನಿಗೆ ಇಳಿದು ಹೊರಟವಳಿಗೆ, ಬಂಗಲೆಯ ದಾರಿ, ಲೈನಿನ ದಾರಿ, ಸೋಮವಾರಪೇಟೆಯ ರಸ್ತೆ ಮೂರೂ ಕೂಡುವ ಜಾಗದಲ್ಲಿ ಒಂದು ಕೆಂಪು ಮೊಟ್ಟೆ ಕಂಡಿತು. ಲೈನಿನ ಮಕ್ಕಳಿಗೆ ಒಂದಾದರೂ ಸುಲಭವಾಗಿ ಸಿಗಲಿ ಎಂದು ಎಡಿತ್ ಅದನ್ನು ಅಲ್ಲಿ ಇಟ್ಟು ಬಂದಿದ್ದಳು. ಮಕ್ಕಳು ಯಾಕೆ ಬರಲಿಲ್ಲವೆಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಜವರಿ ಅದನ್ನು ಮಡಿಲಿಗೆ ಹಾಕಿಕೊಂಡು ನಡೆದಳು.

ಭಾನುವಾರವಾದರೂ ಲೈನಿನ ಅಂಗಳದಲ್ಲಿ ಒಂದು ಮಗುವೂ ಇರಲಿಲ್ಲ. ಹೆಂಗಸರೆಲ್ಲ ತಂತಮ್ಮ ಬಾಗಿಲಲ್ಲಿದ್ದರು. ಜವರಿಯ ಪಕ್ಕದ ಮನೆಯ ಮುದ್ದಿ, ಉಳಿದಿದ್ದ ಒಬ್ಬಳೇ ಮಗಳು ಚಿನ್ನಿಯನ್ನು ಬೆನ್ನ ಹಿಂದೆ ಮರೆಮಾಡಿ ಹೊಸಿಲಲ್ಲಿ ನಿಂತಿದ್ದಳು.

"ನೆನ್ನೆ ನನ್ ತಾವ್ಲೇ ಸುಣ್ಣ ಇಸ್ಕಂಡು ಹೋದೆಯಲ್ಲಕ್ಕ," ಎಂದಳು. "ಈ ಲೈನಾಗೆ ಒಂಬತ್ತು ಮಕ್ಳು ಹೋದ್ವು. ಸಾಲದಾ?"

ಇದು ದೊರೆಗಳ ಹಬ್ಬ, ಮಕ್ಕಳ ಆಟ, ನಾಳೆ ಆ ಮಗು ಊರು ಬಿಟ್ಟು ಹೋಗುತ್ತದೆ ಎಂದು ಜವರಿ ಪರಿಪರಿಯಾಗಿ ಹೇಳಿದಳು. ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಮಡಿಲಿನ ಮೊಟ್ಟೆ ತೆಗೆದು, ಹೊಸಿಲ ಕಲ್ಲಿಗೆ ಕುಟ್ಟಿ, ಸುಲಿದು, ಎಲ್ಲರೆದುರೇ ತಿಂದಳು. ಬೆಂದ ಮೊಟ್ಟೆಯ ಒಣ ಹಳದಿ ಭಂಡಾರ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾರೂ ನೀರು ಕೊಡಲಿಲ್ಲ.

"ಏನಾಯ್ತು ನಂಗೆ? ನೋಡ್ಕಳಿ. ಇನ್ನಾದ್ರೂ ಕಳಿಸ್ರೇ ಮಕ್ಳನ್ನ."

ಚಿನ್ನಿ ಒಂದು ಕಾಲು ಹೊರಗಿಟ್ಟಳು. ಮುದ್ದಿ ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡಳು.

"ನಿಂಗೇನಕ್ಕ," ಎಂದಳು. "ಕಳ್ಕಳಾಕೆ ನಿಂಗಿನ್ಯಾರವ್ರೆ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಜವರಿಗೆ ಅದಕ್ಕೇ ಹೆಚ್ಚು ನೋವಾಯಿತು. ಹತ್ತುವ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು ಬಂಗಲೆ ಸೇರಿದಳು.

ಬರುತ್ತಾರಾ ಎಂದು ಎಡಿತ್ ಎದ್ದು ನಿಂತು ಕೇಳಿದಳು.

"ನಾನು ಬಂದಿವ್ನಲ್ಲ ಮಿಸ್ಸಮ್ಮ," ಎಂದು ಜವರಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಐವತ್ತು ದಾಟಿದ ಹೆಂಗಸು ಗುಲಾಬಿ ಗಿಡಗಳ ಬುಡದಲ್ಲಿ ಅಂಬೆಗಾಲಿಟ್ಟಳು, ನೀರಿನ ತೊಟ್ಟಿಯ ಹಿಂದೆ ನುಸುಳಿದಳು, ಬೇಕೆಂದೇ ತಪ್ಪು ಕಡೆ ಹುಡುಕಿ ಹಣೆ ಬಡಿದುಕೊಂಡಳು. ಎಡಿತ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೊಂದು ಸಿಕ್ಕಿದವು. ಇನ್ನೊಂದೆಲ್ಲಿ ಎಂದಾಗ, ಅದನ್ನು ನಾನು ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದೇನೆ ಎಂದಳು ಜವರಿ. ಕಿರೀಟ ಮಕ್ಕಳ ಅಳತೆಯದು, ಅವಳ ತಲೆಗೆ ಕೂರಲಿಲ್ಲ. ಎಡಿತ್ ತನ್ನ ಜಡೆಯ ರಿಬ್ಬನ್ ಬಿಚ್ಚಿ ಅದನ್ನು ಆಯಾಳ ಗಲ್ಲದ ಕೆಳಗೆ ಬಿಗಿದು ಕಟ್ಟಿದಳು. ನಾಳೆ ತನ್ನ ಗಾಡಿ ಕಣ್ಮರೆಯಾಗುವ ತನಕ ಇದನ್ನು ಹಾಕಿಕೊಂಡೇ ನಿಲ್ಲಬೇಕೆಂದು ಆಣೆ ಮಾಡಿಸಿಕೊಂಡಳು.

ಮರುದಿನ ಬೆಳಗ್ಗೆ ಹಾಜರಿ ಕೂಗುವ ಮಸ್ಟರಿಗೆ ಹೊರಟ ಲೈನಿನ ಹೆಂಗಸರು ಮೂರು ದಾರಿ ಕೂಡುವಲ್ಲಿ ಗಕ್ಕನೆ ನಿಂತರು. ಎತ್ತಿನ ಗಾಡಿ ಕಣ್ಮರೆಯಾಗಿ ಎಷ್ಟೋ ಹೊತ್ತಾಗಿತ್ತು. ಜವರಿ ತಲೆಯ ಮೇಲೆ ಕೆಂಪು ಕಾಗದದ ಕಿರೀಟ ಕಟ್ಟಿಕೊಂಡು ಖಾಲಿ ರಸ್ತೆಯ ಕಡೆ ಮೆಲ್ಲಗೆ ಕೈಬೀಸುತ್ತಾ ಒಬ್ಬಳೇ ನಿಂತಿದ್ದಳು.

ಮುದ್ದಿ ಜೊತೆಗಿದ್ದ ಮಗಳನ್ನು ಮಗ್ಗುಲಿಗೆ ಎಳೆದುಕೊಂಡು ಪಿಸುಗುಟ್ಟಿದಳು: "ನೋಡ್ದಾ ಮಗಾ? ನೆನ್ನೆ ಆ ಮೊಟ್ಟೆ ತಿಂದ್ಲಲ್ಲ."